ಒಂದು ಅಗುಳು ಸಾಕೇ?

ಮಕ್ಕಳೇ, ಅನ್ನ ಬೆಂದಿದೆಯೇ ಎಂದು ತಿಳಿಯಲು ಅಮ್ಮ ಪಾತ್ರೆಯ ಅನ್ನವನ್ನೆಲ್ಲ ಹಿಸುಕಿ ನೋಡುವುದಿಲ್ಲ. ಒಂದೆರಡು ಅಗುಳು ಸಾಕು. ಹೀಗೆ ಸ್ವಲ್ಪ ಭಾಗವನ್ನು ಪರೀಕ್ಷಿಸಿ ಇಡೀ ಗುಂಪಿನ ಸ್ಥಿತಿ ತಿಳಿಯುವುದಕ್ಕೆ ‘ಮಾದರಿ ಸಮೀಕ್ಷೆ’ ಎಂದು ಹೆಸರು.

ಶಾಲೆಯಲ್ಲಿ ನಿಮಗೆ ಜಂತುಹುಳುವಿನ ಮಾತ್ರೆ ಕೊಡುತ್ತಾರಲ್ಲವೇ? ನಮ್ಮ ದೇಶದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಆರಂಭವಾದದ್ದು 2015ರ ಫೆಬ್ರುವರಿ 10ರಂದು. ಮಾತ್ರೆಯನ್ನು ವರ್ಷಕ್ಕೆ ಎಷ್ಟು ಸಲ ಕೊಡಬೇಕು? ಇದನ್ನು ತೀರ್ಮಾನಿಸಲು ಮಾದರಿ ಸಮೀಕ್ಷೆ ಬೇಕು.

ಹುಳುಗಳಿರುವವರ ಮಲದಲ್ಲಿ ಅವುಗಳ ಮೊಟ್ಟೆಗಳಿರುತ್ತವೆ. 41.7 ಮಿಲಿಗ್ರಾಂ ಮಲವನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಗಳನ್ನು ಎಣಿಸುತ್ತಾರೆ. ಆ ಸಂಖ್ಯೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿರುವ ಮೊಟ್ಟೆಗಳ ಲೆಕ್ಕ ಸಿಗುತ್ತದೆ. ಏಕೆ 24? ಗುಣಿಸಿ ನೋಡಿ! ಲಕ್ಷಾಂತರ ಮಕ್ಕಳಿಗೆ ಈ ಪರೀಕ್ಷೆ ಮಾಡಲು ಬಹಳ ಸಮಯ, ಹಣ ಬೇಕು. ಆದ್ದರಿಂದ ಕೆಲವರನ್ನು ಮಾತ್ರ ಆರಿಸುತ್ತಾರೆ.

ಆದರೆ ಅನ್ನ ಪಾತ್ರೆಯಲ್ಲಿ ಬೇಯುವಂತೆ ಜಂತುಹುಳುಗಳು ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ತೇವವಿರುವ ಮಣ್ಣಿನಲ್ಲಿ ಅವುಗಳ ಮೊಟ್ಟೆಗಳು ಹೆಚ್ಚು ದಿನ ಬದುಕುತ್ತವೆ. ಕರಾವಳಿಯ ಮಣ್ಣು ಬೇರೆ, ಬಯಲುಸೀಮೆಯ ಮಣ್ಣು ಬೇರೆ. ಒಂದನ್ನು ನೋಡಿ ಇನ್ನೊಂದರ ಬಗ್ಗೆ ಹೇಳಲಾಗದು. ಆದ್ದರಿಂದ ಮೊದಲು ಹವೆ, ಮಣ್ಣು ಒಂದೇ ರೀತಿ ಇರುವ ಪ್ರದೇಶಗಳನ್ನು ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದ ಒಂದು ವಿಧಾನದಲ್ಲಿ ಅಂಥ ಪ್ರತಿ ಪ್ರದೇಶದಿಂದ 5 ಶಾಲೆ, ಪ್ರತಿ ಶಾಲೆಯಿಂದ 50 ಮಕ್ಕಳು, ಅಂದರೆ ಒಟ್ಟು 250 ಮಕ್ಕಳನ್ನು ಆರಿಸುತ್ತಾರೆ.

ರಸ್ತೆ ಬದಿಯ ಶಾಲೆಗಳನ್ನೇ ಆರಿಸಿದರೆ ಒಳನಾಡಿನ ಹಳ್ಳಿಯ ಮಕ್ಕಳ ತೊಂದರೆ ಲೆಕ್ಕಕ್ಕೆ ಬರುವುದೇ ಇಲ್ಲ. ಆದ್ದರಿಂದ ಶಾಲೆಗಳನ್ನು ಚೀಟಿ ಎತ್ತಿ ಆರಿಸಬೇಕು. ಮಕ್ಕಳನ್ನು ಆರಿಸಲು ಹಾಜರಿ ಪುಸ್ತಕ ಸಾಕು. 150 ಹೆಸರುಗಳಿದ್ದರೆ ಪ್ರತಿ ಮೂರನೆಯ ಹೆಸರನ್ನು ತೆಗೆದುಕೊಳ್ಳಬಹುದು. ಮೊದಲ ಹೆಸರು 1, 2, 3ರಲ್ಲಿ ಯಾವುದೆಂದು ಚೀಟಿ ಎತ್ತಿ ತಿಳಿಯಬೇಕು. 2 ಬಂದರೆ 2, 5, 8, 11... ಹೀಗೆ.

250 ಮಕ್ಕಳಲ್ಲಿ 60 ಮಂದಿಗೆ ಹುಳುಗಳಿವೆ ಎಂದುಕೊಳ್ಳಿ. ಅದು ಶೇಕಡಾ 24. ಶೇಕಡಾ 20 ಅಥವಾ ಹೆಚ್ಚಿದ್ದರೆ ಆ ಪ್ರದೇಶದ ಮಕ್ಕಳೆಲ್ಲರಿಗೂ ವರ್ಷಕ್ಕೊಮ್ಮೆ, 50 ದಾಟಿದರೆ ಎರಡು ಸಲ ಮಾತ್ರೆ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪರೀಕ್ಷೆಗೆ ಆಯ್ಕೆಯಾಗದವರಿಗೂ ಮಾತ್ರೆ ಉಂಟು!

ಹುಳುಗಳು ಹೆಚ್ಚಾದರೆ ರಕ್ತಹೀನತೆ, ನಿಶ್ಶಕ್ತಿ ಉಂಟಾಗುತ್ತವೆ. ಪಾಠದಲ್ಲಿ ಮನಸ್ಸು ನಿಲ್ಲದು. ಸಮೀಕ್ಷೆಯಲ್ಲಿ ನಿಮ್ಮ ಹೆಸರು ಬಂದರೆ ನಾಚಿಕೆಪಡಬೇಡಿ. ನಾಚಿಕೊಂಡವರೆಲ್ಲ ಹಿಂದೆ ಸರಿದರೆ ಲೆಕ್ಕ ತಪ್ಪುತ್ತದೆ. ಇಡೀ ಪ್ರದೇಶದ ಮಕ್ಕಳಿಗೆ ಬೇಕಾದ ಮಾತ್ರೆ ತಪ್ಪಿಹೋಗಬಹುದು.

ಮಾಡಿ ನೋಡಿ: 100 ಹುಣಸೆ ಬೀಜಗಳಲ್ಲಿ 20ಕ್ಕೆ ಸುಣ್ಣದ ಗುರುತು ಹಾಕಿ ಒಣಗಿಸಿ. ಚೀಲದಲ್ಲಿ ಚೆನ್ನಾಗಿ ಕಲಸಿ, ಕಣ್ಣು ಮುಚ್ಚಿ 10 ಬೀಜ ತೆಗೆಯಿರಿ. ಗುರುತಿನವು ಎಷ್ಟು? ಬರೆದುಕೊಂಡು ಬೀಜಗಳನ್ನು ಮತ್ತೆ ಚೀಲಕ್ಕೆ ಹಾಕಿ. ಹೀಗೆ ಹತ್ತು ಸಲ ಮಾಡಿ, ಸರಾಸರಿ ತೆಗೆಯಿರಿ. ಅನಂತರ ಗುರುತಿನ ಬೀಜಗಳನ್ನೆಲ್ಲ ತಳಕ್ಕೆ ಹಾಕಿ, ಕಲಸದೆ ಮೇಲಿನಿಂದಲೇ 10 ತೆಗೆದು ನೋಡಿ. ವ್ಯತ್ಯಾಸವೇಕೆ? ತರಗತಿಯಲ್ಲಿ ಚರ್ಚಿಸಿ.