ಮನೆ ರೆಡಿ, ಮೀಟರ್ ಎಲ್ಲಿ?

ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಸಾಲ ಮಾಡಿ ಮನೆ ಕಟ್ಟಿಸಿದ್ದೀರಿ. ಗೃಹಪ್ರವೇಶಕ್ಕೆ ಮುಹೂರ್ತವೂ ಇಟ್ಟಾಯ್ತು. ಕಾಯಂ ಕರೆಂಟ್ ಕೇಳೋಕೆ ಮೆಸ್ಕಾಂಗೆ ಹೋದ್ರೆ ಪ್ರಶ್ನೆ ಒಂದೇ: ಒಸಿ ಇದೆಯಾ?

ಒಸಿ ಅಂದ್ರೆ ಸ್ವಾಧೀನಾನುಭವ ಪತ್ರ. ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆ, ಭದ್ರಾವತಿಯಲ್ಲಿ ನಗರಸಭೆ ಸ್ಥಳಕ್ಕೆ ಬಂದು, ಮನೆ ಮಂಜೂರಾದ ನಕ್ಷೆಯಂತೆಯೇ ಇದೆ ಅಂತ ಖಾತ್ರಿಯಾದ ಮೇಲೆ ಕೊಡುವ ಕಾಗದ. 2024ರ ಡಿಸೆಂಬರ್ 17ರಂದು ಮೀರತ್‌ನ ಅಕ್ರಮ ಕಟ್ಟಡದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದಿಲ್ಲದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದಿತು. 2025ರಲ್ಲಿ ಅದರ ಬಿಸಿ ಕರ್ನಾಟಕಕ್ಕೂ ತಟ್ಟಿತು. ಸಾವಿರಾರು ಜನ ದುಬಾರಿ ತಾತ್ಕಾಲಿಕ ಸಂಪರ್ಕದಲ್ಲೇ ದಿನ ದೂಡಿದರು.

ತೀರ್ಪು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಅದೇ ತೀರ್ಪು ಇನ್ನೊಂದು ಮಾತೂ ಹೇಳಿದೆ: ಕಟ್ಟುವಾಗಲೇ ಅಧಿಕಾರಿಗಳು ಆಗಾಗ ಬಂದು ಪರಿಶೀಲಿಸಬೇಕು, ದಾಖಲೆ ಇಡಬೇಕು. ಆ ಅರ್ಧ ಮರೆತು, ಈ ಅರ್ಧ ಮಾತ್ರ ಜನರ ತಲೆಗೆ ಕಟ್ಟಿದರೆ ಹೇಗೆ ಸ್ವಾಮಿ? ಪಾಯದಲ್ಲೇ ಹೇಳಿದ್ರೆ ಗೋಡೆ ಎರಡಡಿ ಒಳಗೆ ಬರ್ತಿತ್ತು. ತಾರಸಿ ಹಾಕಿದ ಮೇಲೆ ಬರುತ್ತಾ?

ಸಣ್ಣ ನಿವೇಶನದ ಮನೆಗಳಿಗೆ ಸರ್ಕಾರ ಒಂದಿಷ್ಟು ವಿನಾಯಿತಿ ಕೊಟ್ಟಿದೆ. ನಿಮಗದು ಅನ್ವಯಿಸುತ್ತಾ ಅಂತ ಪಾಯ ತೋಡುವ ಮೊದಲೇ ಕೇಳಿ. ಪಾಯ ಎದ್ದ ಕೂಡಲೇ ಅಳತೆ ನೋಡಿ ಅಂತ ಅರ್ಜಿ ಕೊಡಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.