ಭಗ್ನನೌಕೆಯ ಸರಕೂ ರಾಜಶುಲ್ಕವೂ

ಸಮುದ್ರದಲ್ಲಿ ಸಂಚರಿಸುವ ನೌಕೆಗಳ ಮೇಲೆ ರಾಜ್ಯಾಧಿಕಾರವು ಎಷ್ಟರಮಟ್ಟಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆಯು ಪ್ರಾಚೀನರಿಗೂ ಅಪರಿಚಿತವಾದುದಲ್ಲ. ಅದರಲ್ಲಿಯೂ ಬಿರುಗಾಳಿಗೆ ಸಿಲುಕಿ ದಡಕ್ಕೆ ಬಿದ್ದ ಹಡಗಿನ ಸರಕು ವರ್ತಕನದೋ, ಆ ದಡವನ್ನಾಳುವ ಅರಸನದೋ ಎಂಬ ವಿಷಯದಲ್ಲಿ ಶಾಸ್ತ್ರವು ಒಂದನ್ನು ಹೇಳಿತು. ಆಚಾರವು ಬಹುಕಾಲ ಬೇರೊಂದನ್ನು ನಡೆಸಿತು.

ಶಾಸ್ತ್ರಮತವು ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ನಾವಧ್ಯಕ್ಷನೆಂಬ ಅಧಿಕಾರಿಯ ಪ್ರಕರಣದಲ್ಲಿ ದೊರೆಯುತ್ತದೆ. (ನೌ ಶಬ್ದದ ಔಕಾರಕ್ಕೆ ಸ್ವರವು ಪರವಾದಾಗ ಆವಾದೇಶವಾಗಿ ಈ ರೂಪವು ಸಿದ್ಧಿಸುತ್ತದೆ, ‘ನೌಕಾಧ್ಯಕ್ಷ’ ಎಂಬುದು ಅರ್ಥತಃ ದೂಷ್ಯವಲ್ಲದಿದ್ದರೂ ಮೂಲದ ಪದವಲ್ಲ.) ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಮುದ್ರಿಸಿ ಪ್ರಕಟಿಸಿದರು. ಬಂದರಿನ ಪದ್ಧತಿಯಂತೆ ವರ್ತಕರಿಂದ ಶುಲ್ಕವನ್ನೆತ್ತುವುದು, ಕಡಲ್ಗಳ್ಳರ ನೌಕೆಗಳನ್ನೂ ಬಂದರಿನ ಕಟ್ಟಳೆಯನ್ನು ಮೀರಿದ ನೌಕೆಗಳನ್ನೂ ನಾಶಮಾಡುವುದು ನಾವಧ್ಯಕ್ಷನ ಕರ್ತವ್ಯ. ಆದರೆ ಗಾಳಿಯ ಹೊಡೆತಕ್ಕೆ ದಿಕ್ಕುಗೆಟ್ಟು ಬಂದ ನೌಕೆಯನ್ನು ಅವನು ತಂದೆಯಂತೆ ಆದರಿಸಬೇಕು. ನೀರು ತಗುಲಿದ ಸರಕಿಗೆ ಶುಲ್ಕವನ್ನು ಪೂರ್ತಿಯಾಗಿ ಅಥವಾ ಅರ್ಧದಷ್ಟು ಬಿಡಬೇಕು. ಇದಕ್ಕಿಂತಲೂ ಗಮನಾರ್ಹವಾದುದೊಂದುಂಟು. ಆಳುಗಳಾಗಲಿ ಉಪಕರಣಗಳಾಗಲಿ ಸಾಲದೆ, ಅಥವಾ ದುರಸ್ತಿಯಿಲ್ಲದೆ ನೌಕೆಯು ಕೆಟ್ಟರೆ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡತಕ್ಕದ್ದು. ಮೇಲ್ವಿಚಾರಣೆಯ ಅಧಿಕಾರವಿದ್ದಲ್ಲಿ ಹೊಣೆಯೂ ಇದೆಯೆಂದಾಯಿತು. ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ನಾವಿಕರ ದೋಷದಿಂದಾದ ಹಾನಿಯನ್ನು ಅವರೇ ತೆರಬೇಕೆಂದೂ ದೈವಿಕವಾದುದಕ್ಕೆ ದಂಡವಿಲ್ಲವೆಂದೂ ವಿಭಾಗಿಸಿದೆ.

ಆಚಾರವು ಹೇಗಿದ್ದಿತೆಂಬುದನ್ನು ಕಾಕತೀಯ ಗಣಪತಿದೇವನು ಶಕ ೧೧೬೬ರಲ್ಲಿ (ಕ್ರಿ. ಶ. ೧೨೪೪-೪೫) ಆಂಧ್ರದ ಕರಾವಳಿಯ ಮೋಟುಪಲ್ಲಿಯಲ್ಲಿ ಹಾಕಿಸಿದ ಅಭಯಶಾಸನವು ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ದ್ವೀಪಾಂತರಗಳಿಂದ ಬರುವ ನೌಕೆಗಳು ಬಿರುಗಾಳಿಯಿಂದ ಒಡೆದು ದಡ ಸೇರಿದಾಗ ಹಿಂದಿನ ಅರಸರು ಅವುಗಳಲ್ಲಿದ್ದ ಚಿನ್ನ, ಆನೆ, ಕುದುರೆ, ರತ್ನಾದಿಗಳನ್ನು ಬಲಾತ್ಕಾರದಿಂದ ಅಪಹರಿಸುತ್ತಿದ್ದರು. ವರ್ತಕರಿಗೆ ಧನವು ಪ್ರಾಣಕ್ಕಿಂತ ಮಿಗಿಲಾದುದೆಂದು ಬಗೆದು ಗಣಪತಿದೇವನು ನಿಯತವಾದ ಶುಲ್ಕವೊಂದನ್ನುಳಿದು ಮಿಕ್ಕುದೆಲ್ಲವನ್ನೂ ಬಿಟ್ಟುಕೊಟ್ಟನು. ಆ ಶುಲ್ಕವು ಆಯಾತ ನಿರ್ಯಾತಗಳೆರಡಕ್ಕೂ ಮೂವತ್ತರಲ್ಲಿ ಒಂದು ಪಾಲು. ಹೊರಗಿನಿಂದ ಬರುವ ಸರಕಿಗೆ ಐದರಲ್ಲೊಂದು ಪಾಲೆಂದು ಮೊದಲು ವಿಧಿಸಿ, ಕೆಲವು ವಸ್ತುಗಳಿಗೆ ಇಪ್ಪತ್ತೈದರಲ್ಲೊಂದರವರೆಗೆ ಇಳಿಸಿರುವ ಕೌಟಿಲ್ಯನ ದರಗಳೊಡನೆ ಹೋಲಿಸಿದರೆ ಇದು ಹಗುರವೇ ಸರಿ.

ದಯೆ, ಕೀರ್ತಿ, ಧರ್ಮಗಳಿಗಾಗಿ ಹೀಗೆ ಮಾಡಿದುದೆಂದು ಶಾಸನವು ಹೇಳುತ್ತದೆ. ಅದನ್ನು ಸಂದೇಹಿಸಬೇಕಾದುದಿಲ್ಲ, ಆದರೆ ಲಾಭವೂ ಇದ್ದಿತು. ಒಡೆದ ಹಡಗನ್ನು ದೋಚುವವನಿಗೆ ಫಲವು ಒಮ್ಮೆ ಮಾತ್ರ. ಹಡಗುಗಳು ನಿರ್ಭಯವಾಗಿ ಬರುವ ಬಂದರಿನವನಿಗೆ ವರ್ಷವರ್ಷವೂ ಆದಾಯ. ಹದಿನಾಲ್ಕನೆಯ ಶತಮಾನದಲ್ಲಿ ಮಲೆಯಾಳ ದೇಶಕ್ಕೆ ಬಂದ ಇಬ್ನ್ ಬತೂತನು, ಆ ತೀರದಲ್ಲೆಲ್ಲ ಒಡೆದ ನೌಕೆಯ ಸೊತ್ತು ಅರಸನ ಬೊಕ್ಕಸಕ್ಕೆ ಸೇರುವುದೆಂದೂ, ಕಲ್ಲಿಕೋಟೆಯಲ್ಲಿ ಮಾತ್ರ ಒಡೆಯನಿಗೇ ಸಲ್ಲುವುದೆಂದೂ, ಆ ಪಟ್ಟಣದ ಏಳಿಗೆಗೆ ಅದೇ ಕಾರಣವೆಂದೂ ಬರೆದಿದ್ದಾನೆ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಅದಕ್ಕೆ ಮುನ್ನ ಕಲ್ಲಿಕೋಟೆಯಲ್ಲಿ ತಂಗಿದ್ದನು. ಅವನ ಬರಹವೂ ಇದನ್ನೇ ಸಮರ್ಥಿಸುತ್ತದೆ.

ಒಬ್ಬ ಅರಸನು ಕೊಟ್ಟ ಅಭಯವು ಅವನ ವಂಶದೊಡನೆ ಅಳಿಯುವ ಸಂಭವವಿದ್ದುದರಿಂದಲೋ ಏನೋ, ಗಣಪತಿದೇವನಿಗೆ ನೂರಹದಿನಾಲ್ಕು ವರ್ಷಗಳ ತರುವಾಯ, ಶಕ ೧೨೮೦ರಲ್ಲಿ (ಕ್ರಿ. ಶ. ೧೩೫೮), ಕೊಂಡವೀಡಿನ ಅನಪೋತ ರೆಡ್ಡಿಯು ಅದೇ ಮೋಟುಪಲ್ಲಿಯಲ್ಲಿ ಕಡಲ ವರ್ತಕರಿಗೆ ಮತ್ತೊಮ್ಮೆ ಅಭಯವನ್ನು ಬರೆಯಿಸಿಕೊಡಬೇಕಾಯಿತು.