ಕಾರ್ಡಿನೊಳಗಿನ ಹಣ ಎಲ್ಲಿದೆ?

ಇಂದಿರಾನಗರದ ಮೆಟ್ರೋ ನಿಲ್ದಾಣದಲ್ಲಿ ಬೆಳಗಿನ ಎಂಟೂವರೆಯ ಹೊತ್ತಿಗೆ ಸ್ವಲ್ಪ ಕಾಲ ನಿಂತು ನೋಡಬೇಕು. ಕಾಲೇಜಿಗೆ ಹೊರಟ ವಿದ್ಯಾರ್ಥಿಗಳೂ ಕಚೇರಿಗೆ ಹೊರಟ ನೌಕರರೂ ಸಾಲಾಗಿ ಬಂದು ಪ್ರವೇಶದ್ವಾರದ ಮೇಲೆ ಒಂದು ಕಾರ್ಡನ್ನು ತಾಗಿಸುತ್ತಾರೆ. ಕ್ಷಣಾರ್ಧದಲ್ಲಿ ದಾರಿ ತೆರೆಯುತ್ತದೆ. ನಾಣ್ಯದ ಸದ್ದಿಲ್ಲ, ಚಿಲ್ಲರೆಯ ಜಗಳವಿಲ್ಲ. ಕೃಷ್ಣರಾಜಪುರದಲ್ಲಿ ಇಳಿದು ಮತ್ತೊಮ್ಮೆ ತಾಗಿಸಿದರೆ ಪ್ರಯಾಣದ ದರ ಕಳೆದು, ಉಳಿದ ಮೊತ್ತ ಪುಟ್ಟ ತೆರೆಯ ಮೇಲೆ ಮೂಡುತ್ತದೆ. ಅದನ್ನು ನೋಡಿ 'ಕಾರ್ಡಿನಲ್ಲಿ ಇನ್ನೂ 140 ರೂಪಾಯಿ ಇದೆ' ಎಂದು ನಾವೆಲ್ಲರೂ ನಿಶ್ಚಿಂತೆಯಿಂದ ಹೇಳುತ್ತೇವೆ. ಆ 140 ರೂಪಾಯಿ ನಿಜವಾಗಿ ಎಲ್ಲಿದೆ? ಯಾರ ವಶದಲ್ಲಿದೆ? ಕಾರ್ಡನ್ನು ಕೊಟ್ಟ ಸಂಸ್ಥೆ ನಾಳೆ ಬಾಗಿಲು ಹಾಕಿದರೆ ಅದರ ಗತಿಯೇನು?

ಮೊದಲು ಕಾರ್ಡನ್ನೇ ಪರೀಕ್ಷಿಸೋಣ. ಅದರಲ್ಲಿ ವಿದ್ಯುತ್ಕೋಶವಿಲ್ಲ. ಪ್ಲಾಸ್ಟಿಕ್ಕಿನ ಎರಡು ಪದರಗಳ ನಡುವೆ ತಂತಿಯ ಒಂದು ಸುರುಳಿಯೂ ಅದಕ್ಕೆ ಜೋಡಿಸಿದ ಸಾಸಿವೆಕಾಳಿನಂತಹ ಒಂದು ಚಿಪ್ಪೂ ಅಡಗಿವೆ. ದ್ವಾರದ ಯಂತ್ರದಲ್ಲಿಯೂ ಒಂದು ಸುರುಳಿಯುಂಟು. ಅದರ ಸುತ್ತಲಿನ ಕಾಂತಕ್ಷೇತ್ರ ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ ಬದಲಾಗುತ್ತಿರುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿಟ್ಟ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟನಷ್ಟೆ. ಹೀಗೆ ಎರವಲು ಪಡೆದ ವಿದ್ಯುತ್ತಿನಿಂದ ಚಿಪ್ಪು ಎಚ್ಚೆತ್ತು, ತನ್ನ ಗುರುತನ್ನೂ ತನ್ನಲ್ಲಿ ದಾಖಲಾದ ಮೊತ್ತವನ್ನೂ ಗುಪ್ತಲಿಪಿಯಲ್ಲಿ ತಿಳಿಸುತ್ತದೆ. ಯಂತ್ರವು ಹೊಸ ಮೊತ್ತವನ್ನು ಅದರಲ್ಲಿ ಬರೆಯುತ್ತದೆ. ಆದುದರಿಂದ ಕಾರ್ಡಿನಲ್ಲಿರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಬೆನ್ನಿಗೆ ಯಾರು ನಿಂತಿದ್ದಾರೆಂಬುದನ್ನು ಭೌತಶಾಸ್ತ್ರ ಹೇಳಲಾರದು. ಅದನ್ನು ಕಾನೂನಿನಲ್ಲಿ ಹುಡುಕಬೇಕು.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ನಮ್ಮ ಮೆಟ್ರೋ ಓಡತೊಡಗಿದಾಗ ಬಂದ ಕಾರ್ಡು ಮೆಟ್ರೋ ನಿಗಮದ್ದೇ. ಹಣ ಪಡೆದವರೂ ನಿಗಮದವರೇ, ಅದಕ್ಕೆ ಪ್ರತಿಯಾಗಿ ಪ್ರಯಾಣ ಒದಗಿಸತಕ್ಕವರೂ ನಿಗಮದವರೇ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆಯಂಗಡಿಯೊಂದು ತನ್ನಲ್ಲಿ ಮಾತ್ರ ನಡೆಯುವ ಉಡುಗೊರೆ ಕಾರ್ಡನ್ನು ಮಾರಿದರೆ ಅದೂ ಇದೇ ಜಾತಿಯದು. ಇಂತಹ ಮುಚ್ಚಿದ ವಲಯದ ಕಾರ್ಡಿಗೆ ಭಾರತೀಯ ರಿಜರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಅಂಗಡಿ ಮುಚ್ಚಿದರೆ ಕಾರ್ಡುಳ್ಳವನು ಉಳಿದ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕಾದೀತು. ಉಡುಗೊರೆಯೆಂದು ಕೈಗೆ ಬಂದದ್ದು ವಾಸ್ತವವಾಗಿ ಅಂಗಡಿಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲವೆಂದು ಎಷ್ಟು ಮಂದಿ ಬಲ್ಲರು?

ಒಬ್ಬರು ಹಣ ಪಡೆದು, ಬೇರೆ ಸಾವಿರಾರು ಅಂಗಡಿಗಳಲ್ಲಿ ನಡೆಯುವ ಕಾರ್ಡನ್ನೋ ಮೊಬೈಲಿನ ವ್ಯಾಲೆಟ್ಟನ್ನೋ ಹೊರಡಿಸಿದಾಗ ವಿಷಯ ಗಂಭೀರವಾಗುತ್ತದೆ. ಅದು ಹೆಚ್ಚುಕಡಮೆ ನೋಟನ್ನೇ ಹೊರಡಿಸಿದಂತೆ. ಇದು ತೀರ ಹೊಸ ಸಂಗತಿಯೂ ಅಲ್ಲ. 1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಗೊಂಡ ಕಾಲದಲ್ಲಿ ಈ ದೇಶದ ನೋಟುಗಳೆಲ್ಲ ಸರ್ಕಾರದವಾಗಿರಲಿಲ್ಲ. ಬ್ಯಾಂಕುಗಳು ತಮ್ಮತಮ್ಮ ಹೆಸರಿನಲ್ಲಿಯೇ ನೋಟು ಹೊರಡಿಸುತ್ತಿದ್ದವು. ಬ್ಯಾಂಕು ಮುಳುಗಿದರೆ ನೋಟೂ ಮುಳುಗುತ್ತಿತ್ತು. 1861ರ ಕಾಗದದ ಹಣದ ಕಾಯಿದೆ ಬಂದು, ನೋಟು ಹೊರಡಿಸುವ ಹಕ್ಕನ್ನು ಬಂಗಾಳ, ಬೊಂಬಾಯಿ, ಮದರಾಸು ಬ್ಯಾಂಕುಗಳಿಂದಲೂ ಕಿತ್ತು ಸರ್ಕಾರಕ್ಕೆ ಒಪ್ಪಿಸಿತು. ಒಂದೂವರೆ ಶತಮಾನದ ಬಳಿಕ ಖಾಸಗಿಯವರು ಹಣದಂತಹ ವಸ್ತುವನ್ನು ಮರಳಿ ಹೊರಡಿಸತೊಡಗಿದಾಗ, ಅದಕ್ಕೆ ಕಡಿವಾಣವಾಗಿ ಬಂದುದು 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆ. 2008ರ ಆಗಸ್ಟಿನಲ್ಲಿ ಅದು ಜಾರಿಗೆ ಬಂದಿತು. ಇಂತಹ ಕಾರ್ಡು ಮತ್ತು ವ್ಯಾಲೆಟ್ಟುಗಳಿಗೆಂದೇ 2009ರಲ್ಲಿ ರಿಜರ್ವ್ ಬ್ಯಾಂಕು ಮೊದಲ ನಿಯಮಗಳನ್ನು ಹೊರಡಿಸಿತು.

2021ರ ನಿರ್ದೇಶನದಂತೆ, ಬ್ಯಾಂಕಲ್ಲದ ಕಂಪನಿ ಅರ್ಜಿ ಹಾಕುವಾಗ ಕನಿಷ್ಠ 5 ಕೋಟಿ ರೂಪಾಯಿಗಳ ನಿವ್ವಳ ಆಸ್ತಿಯನ್ನು ತೋರಿಸಬೇಕು. ಮೂರನೆಯ ಹಣಕಾಸು ವರ್ಷದ ಕೊನೆಗೆ ಅದು 15 ಕೋಟಿಯನ್ನು ಮುಟ್ಟಬೇಕು. ಇದು ಹೊಸ್ತಿಲು ಮಾತ್ರ. ಮುಖ್ಯವಾದುದು ಎಸ್ಕ್ರೋ ಎಂಬ ಪ್ರತ್ಯೇಕ ಖಾತೆ. ಜನರು ತುಂಬಿದ ಹಣವನ್ನು ಕಂಪನಿ ತನ್ನ ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುವಂತಿಲ್ಲ. ವಾಣಿಜ್ಯ ಬ್ಯಾಂಕೊಂದರಲ್ಲಿರುವ ಈ ಖಾತೆಯಲ್ಲಿ ಇಡಬೇಕು. ದಿನದ ಕೊನೆಯಲ್ಲಿ ಖಾತೆಯ ಮೊತ್ತ, ಎಲ್ಲ ಕಾರ್ಡುಗಳಲ್ಲಿ ಉಳಿದಿರುವುದಕ್ಕೂ ಅಂಗಡಿಯವರಿಗೆ ಸಲ್ಲಬೇಕಾದುದಕ್ಕೂ ಕಡಮೆಯಾಗಿರಕೂಡದು. ಅದರ ಆಧಾರದ ಮೇಲೆ ಸಾಲ ಎತ್ತುವಂತಿಲ್ಲ, ಅದರಿಂದ ಸಿಬ್ಬಂದಿಗೆ ಸಂಬಳ ಕೊಡುವಂತಿಲ್ಲ. ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿಯುಳ್ಳ ಫೋನ್‌ಪೇಯ ವ್ಯಾಲೆಟ್ಟೂ ಇಂತಹ ನಿಯಮಕ್ಕೇ ಒಳಪಟ್ಟದ್ದು. ಬ್ಯಾಂಕೇ ಕಾರ್ಡು ಹೊರಡಿಸಿದರೆ ಮಾತ್ರ ಬೇರೆ ಬಗೆ. ಆ ಹಣ ಬ್ಯಾಂಕಿನ ಹೊಣೆಗಳಲ್ಲಿಯೇ ಲೆಕ್ಕಕ್ಕೆ ಸೇರುತ್ತದೆ. 2023ರಲ್ಲಿ ನಮ್ಮ ಮೆಟ್ರೋಗೆ ಬಂದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡನ್ನು ಆರ್‌ಬಿಎಲ್ ಬ್ಯಾಂಕು ಹೊರಡಿಸಿದುದು ಈ ಬಗೆಯಲ್ಲಿ.

ವ್ಯಾಲೆಟ್ಟಿನ ಹಣಕ್ಕೆ ಬಡ್ಡಿಯೇಕಿಲ್ಲವೆಂದು ವಿದ್ಯಾರ್ಥಿಗಳು ಕೇಳಬಹುದು. ಬಡ್ಡಿ ಕೊಟ್ಟರೆ ಅದು ಠೇವಣಿಯಾಗಿಬಿಡುತ್ತದೆ, ಠೇವಣಿ ಸಂಗ್ರಹಿಸುವುದು ಬ್ಯಾಂಕಿನ ಕೆಲಸ. ಆದರೆ ಎಸ್ಕ್ರೋದಲ್ಲಿ ಸದಾ ಕದಲದೆ ನಿಲ್ಲುವ ಭಾಗಕ್ಕೆ ಕಂಪನಿ ತಾನು ಬಡ್ಡಿ ಗಳಿಸಲು ನಿಯಮ ಎಡೆಗೊಟ್ಟಿದೆ. ನಮ್ಮ ದೃಷ್ಟಿಯಲ್ಲಿ ಇದು ಹಣ ಕೂಡಿಹಾಕಲು ತಕ್ಕ ಸ್ಥಳವಲ್ಲ. ಠೇವಣಿಯಲ್ಲವಾದ್ದರಿಂದ, ಬ್ಯಾಂಕಿನ ಠೇವಣಿಗಿರುವ 5 ಲಕ್ಷ ರೂಪಾಯಿಗಳ ವಿಮೆಯೂ ಬ್ಯಾಂಕೇತರ ಕಂಪನಿಯ ವ್ಯಾಲೆಟ್ಟಿಗೆ ಇಲ್ಲ.

ಪ್ರತ್ಯೇಕ ಖಾತೆಯ ಬೆಲೆ ಏನೆಂಬುದು 2020ರ ಜೂನ್‌ನಲ್ಲಿ ಯುರೋಪಿನಲ್ಲಿ ಕಂಡುಬಂದಿತು. ಜರ್ಮನಿಯ ವೈರ್‌ಕಾರ್ಡ್ ಕಂಪನಿಯ ಲೆಕ್ಕದಲ್ಲಿದ್ದ 190 ಕೋಟಿ ಯೂರೋ ಎಲ್ಲಿಯೂ ಇಲ್ಲವೆಂದು ಬಯಲಾಗಿ ಅದು ದಿವಾಳಿಯೆದ್ದಿತು. ಅದರ ಬ್ರಿಟಿಷ್ ಅಂಗಸಂಸ್ಥೆಯ ವ್ಯವಹಾರವನ್ನು ಅಲ್ಲಿನ ನಿಯಂತ್ರಕರು ಮರುದಿನವೇ ತಡೆದರು. ಆ ಅಂಗಸಂಸ್ಥೆಯ ಕಾರ್ಡನ್ನೇ ನಂಬಿದ್ದ ಜನ ದಿನಸಿ ಕೊಳ್ಳಲೂ ತೊಳಲಿದರು. ಆದರೆ ಗ್ರಾಹಕರ ಹಣ ಬೇರೆಯಾಗಿ ಕಾಯ್ದಿರಿಸಲ್ಪಟ್ಟಿದ್ದಿತು. ಕೆಲವೇ ದಿನಗಳಲ್ಲಿ ತಡೆ ತೆರವಾಯಿತು. ನಮ್ಮ ದೇಶದಲ್ಲಿ 2024ರ ಜನವರಿ 31ರಂದು ರಿಜರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಮಾರ್ಚ್ 15ರ ಬಳಿಕ ಅದರ ವ್ಯಾಲೆಟ್ಟಿಗೆ ಹಣ ತುಂಬುವುದು ನಿಂತಿತು. ಅದಾಗಲೇ ಇದ್ದ ಹಣವನ್ನು ಬಳಸಲು ಅಡ್ಡಿಯಾಗಲಿಲ್ಲ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿಯವರ ಮುಂದಿನ ಚೌಕಚಿತ್ರಕ್ಕೆ ಮೊಬೈಲು ಹಿಡಿದು ಕೊಡುವ ಹಣ ಸಾಮಾನ್ಯವಾಗಿ ವ್ಯಾಲೆಟ್ಟಿನದಲ್ಲ. 2016ರಲ್ಲಿ ಆರಂಭವಾದ ಯುಪಿಐ ಮೂಲಕ ಅದು ನಮ್ಮ ಬ್ಯಾಂಕಿನ ಖಾತೆಯಿಂದ ಅವರ ಖಾತೆಗೆ ನೇರವಾಗಿ ಹೋಗುತ್ತದೆ. ಮೊಬೈಲಿನ ತಂತ್ರಾಂಶ ಇಲ್ಲಿ ಓಲೆಕಾರ ಮಾತ್ರ.

ಸಂಚಾರ ಕಾರ್ಡಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರಲ್ಲಿ ಎರಡು ಪರ್ಸುಗಳಿವೆ: ಒಂದರ ಲೆಕ್ಕ ಬ್ಯಾಂಕಿನ ಗಣಕದಲ್ಲಿ, ಮತ್ತೊಂದರ ಲೆಕ್ಕ ಕಾರ್ಡಿನ ಚಿಪ್ಪಿನಲ್ಲಿ. ದ್ವಾರದ ಮುಂದೆ ನೂರಾರು ಜನ ಕಾದಿರುವಾಗ ಯಂತ್ರವು ಪ್ರತಿಯೊಬ್ಬರಿಗಾಗಿಯೂ ಬ್ಯಾಂಕನ್ನು ಕೇಳುತ್ತ ನಿಲ್ಲಲಾರದು. ಆದ್ದರಿಂದ ಅದು ಚಿಪ್ಪಿನ ಪರ್ಸಿನಿಂದಲೇ ದರವನ್ನು ಕಳೆಯುತ್ತದೆ, ಗುಟ್ಟಿನ ಸಂಖ್ಯೆಯನ್ನೂ ಕೇಳುವುದಿಲ್ಲ. ಹಲಸೂರು ನಿಲ್ದಾಣದಲ್ಲಿ ಕಾರ್ಡು ಬಿದ್ದುಹೋದರೆ ಬ್ಯಾಂಕಿಗೆ ತಿಳಿಸಿ ಮೊದಲನೆಯ ಪರ್ಸಿಗೆ ಬೀಗ ಹಾಕಿಸಬಹುದು. ಎರಡನೆಯದು ಜೇಬಿನಿಂದ ಉರುಳಿದ ನಾಣ್ಯದಂತೆ. ಹೆಕ್ಕಿಕೊಂಡವನು ಅದರಲ್ಲಿ ಕೃಷ್ಣರಾಜಪುರದವರೆಗೆ ಹೋಗಿಬಂದಾನು.